ಆಯಿ ಕರೆದ ಹೆಸರು

ನಾನು ಅಂಜುಬುರುಕಿ. ಮೊಮ್ಮಕ್ಕಳು ನಗುತ್ತವೆ, ನಗಲಿ. ಯಾರಾದರೂ ಜೋರಾಗಿ ಬಾಗಿಲು ಬಡಿದರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಹುಟ್ಟಿದಾಗಿನಿಂದ ಹೀಗಿದ್ದೆ ಎಂದು ತಿಳಿಯಬೇಡಿ. ಮನೆಯಲ್ಲಿ ಏನೂ ಇಲ್ಲದ ಕಾಲಕ್ಕೆ ನನಗೆ ಅಂಜಿಕೆಯೂ ಇರಲಿಲ್ಲ. ಅಂಜಿಕೆ ಬಂದದ್ದು ಸೋಲಾಪುರದಿಂದ ರೊಕ್ಕ ಬರಲು ಶುರುವಾದ ಮೇಲೆ.

ನಮ್ಮದು ಯಲಬುರ್ಗಾ ಕಡೆಯ ಸಣ್ಣ ಊರು. ಅಪ್ಪನ ಪಾಲಿಗೆ ಬಂದ ಹೊಲ ಒಂದು ಕುರಿಮಂದೆ ಕೂಡ್ರಿಸಿದರೆ ತುಂಬಿಹೋಗುವಷ್ಟು. ದೊಡ್ಡ ಯುದ್ಧ ನಡೆದಿದ್ದ ವರ್ಷಗಳವು. ಸೋಲಾಪುರದ ಬಟ್ಟೆ ಗಿರಣಿಗಳಿಗೆ ಆಳು ಸಾಲುತ್ತಿಲ್ಲ ಎಂಬ ಸುದ್ದಿ ಬಂತು. ಅಪ್ಪ ಹೆಗಲಿಗೊಂದು ಗಂಟು ಹಾಕಿಕೊಂಡು ಕೊಪ್ಪಳದ ಸ್ಟೇಶನ್ನಿಗೆ ನಡೆದು ಹೋದ. ಮನೆಯಲ್ಲಿ ಉಳಿದವರು ನಾವು ಹೆಂಗಸರು: ಅಪ್ಪನ ತಾಯಿ, ಅವಳನ್ನು ನಾವು ಆಯಿ ಅನ್ನುತ್ತಿದ್ದೆವು; ಅವ್ವ; ನಾನು. ಅಕ್ಕ ಇದ್ದಳು, ಆದರೆ ಮನೆಯಲ್ಲಿರಲಿಲ್ಲ. ಹಿಂದಿನ ವರ್ಷ ಮಳೆಗಾಲದಲ್ಲಿ ಒಲೆ ಹೊತ್ತದೆ ನಾವೆಲ್ಲ ಕುಳಿತಿದ್ದಾಗ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಅವಳನ್ನು ಗೌಡರ ಮನೆಗೆ ಕೆಲಸಕ್ಕೆ ಬಿಟ್ಟಿದ್ದ. ವರ್ಷದ ದುಡಿಮೆಗೆ ಇಷ್ಟು ಜೋಳ ಎಂದು ಮಾತಾಗಿತ್ತು. ದೊಡ್ಡಪ್ಪನ ಮನೆ ಬೇರೆಯಾಗಿತ್ತು, ಒಲೆ ಬೇರೆಯಾಗಿತ್ತು, ಆದರೆ ನಮ್ಮ ಮನೆಯ ಮಾತು ಆಡುವ ಗಂಡಸು ಅವನೇ.

ಅಪ್ಪ ಕಳಿಸಿದ ಮೊದಲ ಮನಿಯಾರ್ಡರ್ ಬಂದ ದಿನ ಓಣಿಯವರೆಲ್ಲ ನಮ್ಮ ಕಟ್ಟೆಯ ಮುಂದೆ ನಿಂತಿದ್ದರು. ಟಪಾಲಿನವ ಆಯಿಯ ಹೆಸರು ಕೂಗಿದ. ರೊಕ್ಕ ಅವಳ ಹೆಸರಿಗೇ ಬಂದಿತ್ತು. ಮತ್ತೆ ಯಾರ ಹೆಸರಿಗೆ ಬರಬೇಕು? ಅಪ್ಪ ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳಿದವನಲ್ಲ, ಅವ್ವ ಅಪ್ಪನ ಹೆಸರನ್ನು ಹೇಳಿದವಳಲ್ಲ. ನಮ್ಮ ಕಡೆ ಅದೇ ಮರ್ಯಾದೆ. ಹೆಂಡತಿಯ ಹೆಸರು ಟಪಾಲಿನವನ ಬಾಯಲ್ಲಿ ಓಣಿಯ ತುಂಬ ಕೇಳಿಸುವುದೆಂದರೆ ನಾಚಿಕೆಗೇಡು. ಅವ್ವ ಇಟಗಿಯವಳು. ಹಾಗಾಗಿ ಊರಿಗೆಲ್ಲ ಅವಳು ಇಟಗ್ಯಾಕಿ. ಆಯಿಗೂ ಇಟಗ್ಯಾಕಿಯೇ. ನನಗೂ ಅಕ್ಕನಿಗೂ ಅವಳು ಅವ್ವ, ಬೇರೆ ಹೆಸರು ಇರಬಹುದೆಂದು ನಮಗೆ ಹೊಳೆದೇ ಇರಲಿಲ್ಲ.

ಆಯಿ ಹೆಬ್ಬೆಟ್ಟು ಒತ್ತಿ ರೂಪಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಅವಳದು ಗಟ್ಟಿ ಕೈ, ಇನ್ನೂ ಗಟ್ಟಿ ಬಾಯಿ. ಸುಗ್ಗಿಯಲ್ಲಿ ಕೈಗೆ ಬಂದದ್ದು ಸುಗ್ಗಿಯಲ್ಲೇ ಕರಗಿಹೋಗುತ್ತಿತ್ತು. ಇದು ಹಾಗಲ್ಲ, ಸಣ್ಣದಾದರೂ ತಿಂಗಳಾ ತಿಂಗಳಾ ಬರುವುದು. ಮೊದಲು ಉಪ್ಪು, ಚಿಮಣಿ ಎಣ್ಣೆ ತಂದರು. ಆಮೇಲೆ ಬೀಜದ ಜೋಳವನ್ನು ಬೀಸಿ ತಿನ್ನುವುದು ನಿಂತಿತು. ಒಂದು ಮೇಕೆಮರಿ ಬಂತು. ಮಧ್ಯಾಹ್ನವೂ ಒಲೆ ಹೊತ್ತಿತು. ಅವ್ವ "ಬರೋ ತಿಂಗಳು" ಎಂದು ಮಾತು ಶುರುಮಾಡುವುದನ್ನು ನಾನು ಕೇಳಿದ್ದು ಆಗಲೇ. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ನಾಳೆಯ ಮಾತನ್ನೇ ಯಾರೂ ಆಡುತ್ತಿರಲಿಲ್ಲ.

ವರ್ಷದ ಮಾತು ಮುಗಿದ ದಿನ ಆಯಿ ಕೋಲು ಹಿಡಿದು ಗೌಡರ ಮನೆಗೆ ಹೋಗಿ ಅಕ್ಕನನ್ನು ಕರೆದುಕೊಂಡು ಬಂದಳು. "ಇನ್ನೊಂದು ವರ್ಷ ಇರಲಿ ಬಿಡಬೇ" ಎಂದು ಗೌಡರ ಹೆಂಡತಿ ಗೌಡಶಾನಿ ಅಂದರೆ, "ಒಲ್ಲೆನ್ರಿ, ನಮ್ಮ ಹುಡುಗಿ ನಮ್ಮ ಮನ್ಯಾಗಿರಲಿ" ಎಂದಳಂತೆ. ಗೌಡರ ಮನೆಯಲ್ಲಿ ಒಲ್ಲೆ ಅಂದ ನಮ್ಮ ಕುಲದ ಮೊದಲ ಹೆಂಗಸು ಅವಳೇ ಇರಬೇಕು. ಅಕ್ಕ ಬಂದವಳು ಬಾಗಿಲ ಹತ್ತಿರ ನಿಂತೇ ರೊಟ್ಟಿ ತಿಂದಳು. ಕುಂಡ್ರು ಅಂದರೂ ಕೂಡಲಿಲ್ಲ. ಅಲ್ಲಿ ಅವಳಿಗೆ ನಿಂತು ತಿನ್ನುವುದೇ ರೂಢಿಯಾಗಿತ್ತು, ಯಾವಾಗ ಯಾರು ಕರೆಯುತ್ತಾರೋ ಎಂದು. ಮತ್ತೇನೇನು ರೂಢಿಯಾಗಿತ್ತೋ ಅವಳು ಹೇಳಲಿಲ್ಲ. ಯಾರಾದರೂ ಹಿಂದಿನಿಂದ ಬಂದರೆ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುತ್ತಿದ್ದಳು. ನಮ್ಮ ಜೊತೆ ನೆಲಕ್ಕೆ ಕೂತು ಉಣ್ಣಲು ಅವಳಿಗೆ ಮುಂದಿನ ಬೇಸಿಗೆಯೇ ಬರಬೇಕಾಯಿತು.

ನನ್ನ ಅಂಜಿಕೆ ಶುರುವಾದದ್ದು ಅಲ್ಲಿಂದ. ಅಕ್ಕ ಮನೆಯಲ್ಲಿರುವುದು ರೊಕ್ಕದಿಂದ, ರೊಕ್ಕ ಬರುವುದು ಆಯಿಯ ಹೆಸರಿನಿಂದ. ಆಯಿಯೋ, ಮುಪ್ಪಿನ ಮುದುಕಿ. ಅವಳು ಕೆಮ್ಮಿದರೆ ನಾನು ಅಕ್ಕನ ಮುಖ ನೋಡುತ್ತಿದ್ದೆ.

ಆ ವರ್ಷ ಕಾರಹುಣ್ಣಿಮೆ ಆದ ಮೇಲೆ ಆಯಿ ಹಾಸಿಗೆ ಹಿಡಿದಳು. ಜ್ವರ ಬರುವುದು, ಬಿಡುವುದು, ಮತ್ತೆ ಬರುವುದು. ಅವ್ವ ಗಂಜಿ ಕುಡಿಸುತ್ತಾ ಅಕ್ಕನ ಕಡೆ ನೋಡುವಳು. ಅತ್ತೆ ಸತ್ತರೆ ರೊಕ್ಕ ಎಲ್ಲಿಗೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು, ಓಣಿಗೂ ಗೊತ್ತಿತ್ತು: ದೊಡ್ಡಪ್ಪನ ಹೆಸರಿಗೆ. ತಾಯಿ ಇಲ್ಲವಾದರೆ ಅಣ್ಣ. ದೊಡ್ಡಪ್ಪನ ಕೈಗೆ ಹೋದ ರೊಕ್ಕ ನಮ್ಮ ಒಲೆಯತನಕ ಬರುತ್ತಿರಲಿಲ್ಲ. ಅವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅವನಿಗೂ ಹೊಟ್ಟೆಗಳಿದ್ದವು, ಗೌಡರ ಮುಲಾಜಿತ್ತು. ಆದರೆ ಅಕ್ಕನನ್ನು ಒಮ್ಮೆ ಬಿಟ್ಟವನಿಗೆ ಎರಡನೇ ಸಲ ಬಿಡುವುದು ಕಷ್ಟವೇನಲ್ಲ.

ಅವ್ವನ ಹೆಸರಿಗೆ ಕಳಿಸು ಎಂದು ಅಪ್ಪನಿಗೆ ಹೇಳಿಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವವರು ಯಾರು? ಸೊಸೆ ಹಾಗೆ ಹೇಳಿಸಿದಳೆಂದರೆ ಏನರ್ಥ? "ನಿಮ್ಮ ತಾಯಿ ಸಾಯ್ತಾಳ, ರೊಕ್ಕ ನನಗ ಕೊಡ್ರಿ" ಅಂದಂತಾಯಿತು. ಅತ್ತೆ ಬದುಕಿರುವಾಗ ಅಂಥ ಮಾತು ಬಾಯಿಂದ ಬಂದರೆ ನಾಲಗೆಯೇ ಬಿದ್ದುಹೋಗುತ್ತದೆ ಎಂದು ಅವ್ವ ನಂಬಿದ್ದಳು. ಹಾಗಾಗಿ ಅವಳು ಗಂಜಿ ಕಾಸಿದಳು, ಕಾಲು ಒತ್ತಿದಳು, ಇಟಗಿಯ ಶಿವನಿಗೆ ಹರಕೆ ಹೊತ್ತಳು. ಆಯಿಗಾಗಿ ಎಷ್ಟು ಹೊತ್ತಳೋ, ಅಕ್ಕನಿಗಾಗಿ ಎಷ್ಟೋ, ಆ ಶಿವನಿಗೇ ಗೊತ್ತು.

ಗೌಡರ ಮನೆಯಿಂದ ಒಬ್ಬ ಆಳು ಹೆಂಗಸು ಆಗಾಗ ಬರುತ್ತಿದ್ದಳು. ಹೊಸ್ತಿಲ ಹೊರಗೆ ನಿಂತು, "ಗೌಡಶಾನ್ಯಾರು ಕೇಳಂದ್ರು. ಮುದುಕಿ ಹೆಂಗದಾಳ?" ಅನ್ನುವಳು. ಅವ್ವ, "ಛಲೋ ಅದಾರ ಅಂತ ಹೇಳ್ರಿ" ಅನ್ನುವಳು. ಆ ಹೆಂಗಸು ಇಣುಕಿ ಆಯಿಯನ್ನು ನೋಡಿ, ಆಮೇಲೆ ಅಕ್ಕನನ್ನು ನೋಡಿ ಹೋಗುವಳು. ಅವಳು ಬಂದು ಹೋದ ದಿನ ಅಕ್ಕ ಉಣ್ಣುತ್ತಿರಲಿಲ್ಲ. ಅಂತಃಕರಣದ ಮಾತೂ ಇಷ್ಟು ಅಂಜಿಸುತ್ತದೆಂದು ನನಗೆ ಆಗ ತಿಳಿಯಿತು.

ನಾಗರ ಪಂಚಮಿಗೆ ಸೋಲಾಪುರದಿಂದ ನಮ್ಮೂರಿನವನೊಬ್ಬ ಊರಿಗೆ ಬಂದಿದ್ದ. ಅಪ್ಪನಿದ್ದ ಗಿರಣಿಯಲ್ಲೇ ಅವನಿಗೂ ಕೆಲಸ. ಹಬ್ಬ ಮುಗಿಸಿ ಹೊರಡುವ ದಿನ ಆಯಿ ಅವನನ್ನು ಕರೆಸಿದಳು. "ನೀವು ಮೂವರೂ ಹೊರಗ ಹೋಗ್ರಿ" ಅಂದಳು. ನಾವು ಮೇಕೆ ಕಟ್ಟುವ ಕಡೆ ಹೋಗಿ ನಿಂತೆವು. ಅವ್ವನ ಮುಖ ಬಿಳಿಚಿಕೊಂಡಿತ್ತು. "ನನ್ನ ಮ್ಯಾಲೆ ಏನರ ಹೇಳಾಕತ್ತಾರನು?" ಎಂದು ನನ್ನನ್ನೇ ಕೇಳಿದಳು. ನನಗೇನು ಗೊತ್ತು? ಆಯಿ ಸೊಸೆಯನ್ನು ಬಯ್ಯದ ದಿನವಿರಲಿಲ್ಲ. ರೊಟ್ಟಿ ದಪ್ಪ, ಸಾರು ತೆಳ್ಳಗೆ, ನಡಿಗೆ ನಿಧಾನ, ಎಲ್ಲಕ್ಕೂ ಬಯ್ಗುಳ. ಆ ಮನುಷ್ಯ ಹೊರಗೆ ಬಂದವನು ಅವ್ವನ ಕಡೆ ನೋಡದೆ ತಲೆತಗ್ಗಿಸಿ ಹೋಗಿಬಿಟ್ಟ. ಅವ್ವನ ಅಂಜಿಕೆ ಇಮ್ಮಡಿಯಾಯಿತು.

ಆವತ್ತು ದೀಪ ಹಚ್ಚುವ ಹೊತ್ತಿಗೆ ಆಯಿ ಆ ಹೆಸರನ್ನು ಕರೆಯಲು ಶುರುಮಾಡಿದಳು.

ಒಂದು ಹೆಂಗಸಿನ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ನಾನಂತೂ ಆ ಹೆಸರು ಅಲ್ಲಿತನಕ ಕೇಳಿರಲಿಲ್ಲ. ಜ್ವರ ಏರಿ ಕಣ್ಣು ಮುಚ್ಚಿ ಬಿದ್ದಿದ್ದ ಮುದುಕಿ, ಇದ್ದಕ್ಕಿದ್ದಂತೆ ಕಣ್ಣು ತೆರೆದು, ಓಣಿಯ ಆ ತುದಿಗೆ ಕೇಳುವಂತೆ ಆ ಹೆಸರು ಹಿಡಿದು ಕೂಗುವಳು. ಅಷ್ಟು ದನಿ ಅವಳಲ್ಲಿ ಎಲ್ಲಿತ್ತೋ. ಅವ್ವ ಓಡಿಬಂದು ಹಾಸಿಗೆಯ ಪಕ್ಕ ಕೂತು, "ಇಲ್ಲೇ ಅದೀನ್ರಿ, ಅತ್ತಿಯವರ" ಅನ್ನುವಳು. ಆಯಿ ಸುಮ್ಮನಾಗುವಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಹೆಸರು, ಮತ್ತೆ ಅದೇ ಉತ್ತರ.

ಎದುರು ಮನೆಯ ಕುಂಬಾರಾಕೆ ಕೇಳಿಸಿಕೊಂಡು ಬಂದು ಬಾಗಿಲಲ್ಲೇ ನಿಂತಳು. "ಯವ್ವಾ, ಸತ್ತವರನ್ನ ಕರ್ಯಾಕತ್ತಾಳಲ್ಲೇ" ಅಂದಳು. ಆಯಿಗೆ ಚಿಕ್ಕಂದಿನಲ್ಲೇ ತೀರಿಕೊಂಡ ತಂಗಿಯೊಬ್ಬಳಿದ್ದಳಂತೆ, ಅವಳ ಹೆಸರೇ ಇರಬೇಕು ಎಂದು ಯಾರೋ ಅಂದರು. ಇರಬೇಕು ಅಂದದ್ದು ಮರುದಿನಕ್ಕೆ ಹೌದು ಎಂದಾಯಿತು. ಆ ತಂಗಿ ಕರೆದೊಯ್ಯಲು ಬಂದು ತಲೆದೆಸೆಗೆ ನಿಂತಿದ್ದಾಳೆ ಎಂದು ಓಣಿಯ ತುಂಬ ಮಾತು. ನಮ್ಮ ಮನೆಯ ಮುಂದೆ ಮಕ್ಕಳು ಆಡುವುದನ್ನು ಬಿಟ್ಟರು. ನಾನು ಆಯಿಯ ತಲೆದೆಸೆಗೆ ಹೋಗುವುದನ್ನು ಬಿಟ್ಟೆ. ಅವ್ವ ಆ ಹೆಸರಿಗೆ ಓಗೊಡುವುದನ್ನು ಕೇಳಿದಾಗ ನನ್ನ ಮೈ ಜುಮ್ಮೆನ್ನುತ್ತಿತ್ತು: ಸತ್ತವಳ ಬದಲಿಗೆ ಇವಳೇಕೆ ಉತ್ತರ ಕೊಡಬೇಕು, ಅದು ಇವಳಿಗೇ ಗಂಟುಬಿದ್ದರೆ?

"ಯಾರಬೇ ಅದು, ಆಯಿ ಕರೀತಾಳಲ್ಲ?" ಎಂದು ಒಮ್ಮೆ ಕೇಳಿದೆ.

"ಸುಮ್ನಿರು. ಜ್ವರದಾಗ ಏನೋ ನೆನಪಾಗೇತಿ" ಅಂದು ಅವ್ವ ಮುಖ ತಿರುಗಿಸಿದಳು.

ದೊಡ್ಡಪ್ಪ ದಿನಾ ಬಂದು ತಾಯಿಯ ಕಾಲದೆಸೆಗೆ ಕೂಡುತ್ತಿದ್ದ. ಆ ಹೆಸರು ಅವನಿಗೂ ಕೇಳಿಸಿತು. ಅವನಿಗೆ ಅದು ಯಾರ ಹೆಸರೆಂದು ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಆ ತಿಂಗಳ ರೊಕ್ಕಕ್ಕೆ ಆಯಿ ಮಲಗಿದಲ್ಲಿಯೇ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಬಹಳ ದಿನ ಉಳಿಯಲಿಲ್ಲ. ಕಡೆಯ ದಿನವೂ ಆ ಹೆಸರನ್ನೇ ಕರೆದಳು, ದನಿ ಮಾತ್ರ ಹೊಸ್ತಿಲು ದಾಟಲಿಲ್ಲ. ಅವ್ವ "ಇಲ್ಲೇ ಅದೀನ್ರಿ" ಅಂದಳು. ಮಣ್ಣು ಮಾಡಿ ಬಂದ ಮೇಲೆ ಅವ್ವ ಅತ್ತಷ್ಟು ಅವಳ ಹಡೆದವ್ವ ಸತ್ತಾಗಲೂ ಅತ್ತಿರಲಿಲ್ಲ ಎಂದು ಓಣಿಯವರು ಆಡಿಕೊಂಡರು. ರೊಕ್ಕಕ್ಕೆ ಅತ್ತಳು ಎಂದೂ ಆಡಿಕೊಂಡರು, ಆಡುವ ಬಾಯಿಗೇನು.

ಅಪ್ಪನಿಗೆ ಕಾರ್ಡು ಹಾಕಿಸಿದವನು ದೊಡ್ಡಪ್ಪ. ಟಪಾಲಿನವ ಕಟ್ಟೆಯ ಮೇಲೆ ಕೂತು ಬರೆದ, ದೊಡ್ಡಪ್ಪ ಹೇಳುತ್ತಾ ಹೋದ. "ಅವ್ವ ತೀರಿದ್ಲು. ನೀ ಬಂದ್ರ ನಿನ್ನ ಜಾಗಾ ಮತ್ತೊಬ್ಬ ಹಿಡಿತಾನ, ಬರಬ್ಯಾಡ. ಇನ್ನ ಮುಂದ ರೊಕ್ಕ ನನ್ನ ಹೆಸರಿಗೆ ಹಚ್ಚು." ಬಾಗಿಲ ಮರೆಯಲ್ಲಿ ನಿಂತಿದ್ದ ಅವ್ವ ಕೇಳಿಸಿಕೊಂಡಳು. ಭಾವನ ಎದುರಿಗೆ ಬಂದು ಮಾತಾಡುವ ಪದ್ಧತಿ ಇರಲಿಲ್ಲ. ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಳಗೆ ಹೋದಳು.

ಮರು ತಿಂಗಳು ರೊಕ್ಕ ಬರುವ ಹೊತ್ತು ಬಂತು, ಹೋಯಿತು. ಗೌಡರ ಮನೆಯ ಆಳು ಹೆಂಗಸು ಮತ್ತೆ ಬಂದಳು. ಈಗ ಕೇಳಲು ಮುದುಕಿ ಇರಲಿಲ್ಲ. "ಹುಡುಗಿನ್ನ ಯಾವಾಗ ಕಳಸ್ತೀರಿ ಅಂತ ಕೇಳ್ಯಾರ" ಎಂದು ನೇರವಾಗಿ ಅಂದಳು. ದೊಡ್ಡಪ್ಪ ತನ್ನ ಕಟ್ಟೆಯಿಂದಲೇ, "ಈ ಸಂತಿ ದಿನದತನಕ ನೋಡೂಣು. ಸೋಲಾಪುರದಿಂದ ಏನೂ ಬರಲಿಲ್ಲಂದ್ರ ನಾನ ಕರಕೊಂಡು ಬರ್ತೀನಿ" ಅಂದ. ಅಕ್ಕ ಒಳಗೆ ಹೋಗಿ ತನ್ನ ಸೀರೆ ಮಡಿಸಿಟ್ಟಳು. ಇದ್ದದ್ದು ಅದೊಂದೇ. ಮಧ್ಯಾಹ್ನ ಅವ್ವ ರೊಟ್ಟಿ ಕೊಟ್ಟರೆ ಬಾಗಿಲ ಹತ್ತಿರ ಹೋಗಿ ನಿಂತುಕೊಂಡು ತಿಂದಳು.

ಸಂತೆಯ ದಿನ ಅವ್ವ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಕೂಲಿಗೆ ಹೋಗಿದ್ದಳು. ಟಪಾಲಿನವ ಓಣಿಗೆ ಬಂದ. ದೊಡ್ಡಪ್ಪ ರುಮಾಲು ಸುತ್ತಿಕೊಂಡು ತಯಾರಾಗಿ ಕಟ್ಟೆಯ ಮೇಲೆ ಕುಳಿತಿದ್ದ. ಟಪಾಲಿನವ ಚೀಲದಿಂದ ಕಾಗದ ತೆಗೆದು, ನಮ್ಮ ಬಾಗಿಲ ಮುಂದೆಯೇ ನಿಂತು, ಆ ಹೆಸರು ಕೂಗಿದ.

ಕುಂಬಾರಾಕೆ ಕೈಯಲ್ಲಿದ್ದ ಮೊರವನ್ನು ನೆಲಕ್ಕಿಟ್ಟಳು. ಟಪಾಲಿನವ ಮತ್ತೊಮ್ಮೆ ಕೂಗಿದ. "ರೊಕ್ಕ ಬಂದೈತಿ. ಯಾರ್ರಿ ಈ ಹೆಸರಿನಾಕಿ?"

"ಎಪ್ಪಾ, ಆ ಹೆಸರು ತಗೀಬ್ಯಾಡ" ಎಂದಳು ಕುಂಬಾರಾಕೆ. "ಮುದುಕಿ ಸಾಯೂಮುಂದ ಕರಕೊಂತಿದ್ದ ಹೆಸರದು. ಆಕಿ ಸತ್ತು ಯಾವ ಕಾಲ ಆತೋ. ಸತ್ತವರಿಗೆ ರೊಕ್ಕ ಯಾರು ಕಳಸ್ಯಾರ? ಮುಟ್ಟಬ್ಯಾಡ್ರೇ ಯಾರೂ."

ಯಾರೂ ಮುಟ್ಟಲಿಲ್ಲ. ದೊಡ್ಡಪ್ಪ ತನ್ನ ಹೆಸರಿಗೆ ಏನಾದರೂ ಇದೆಯೇ ಎಂದು ಕೇಳಿದ. ಇಲ್ಲ ಎಂದಾಗ ಎದ್ದು ನಿಂತ. ಟಪಾಲಿನವ ಈ ಓಣಿಗೆ ಹೊಸಬನಲ್ಲ, ಆದರೆ ಅವನಿಗೂ ಅವ್ವ ಇಟಗ್ಯಾಕಿಯೇ. ಕಳಿಸಿದವರ ಹೆಸರು ಮುದ್ರೆಯ ಮಸಿಯಲ್ಲಿ ಮುಚ್ಚಿಹೋಗಿತ್ತು. "ಅಂಥಾಕಿ ಇಲ್ಲಂದ್ರ ತಿರುಗಿ ಕಳಸ್ತೀನಿ" ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ಹಳ್ಳದ ಕಡೆ ನಡೆದ. ದೊಡ್ಡಪ್ಪ ಅಕ್ಕನಿಗೆ, "ನಡಿಯವ್ವಾ" ಅಂದ. ಅಕ್ಕ ಸೀರೆಯ ಗಂಟು ಎತ್ತಿಕೊಂಡಳು. "ಅವ್ವ ಬರಲಿ ದೊಡ್ಡಪ್ಪ, ಹೇಳಿ ಹೊಕ್ಕೀನಿ" ಎಂದಳು, ಅಷ್ಟೇ. ಅವನು ಮತ್ತೆ ಕಟ್ಟೆಯ ಮೇಲೆ ಕೂತ.

ನಾನು ಶೇಂಗಾ ಹೊಲಕ್ಕೆ ಓಡಿದೆ. "ಅವ್ವಾ, ಅಕ್ಕನ್ನ ಒಯ್ಯಾಕತ್ತಾರ. ರೊಕ್ಕ ಬರಲಿಲ್ಲ. ಟಪಾಲಿನವ ಬಂದಿದ್ದ, ಆಯಿ ಕರೀತಿದ್ದ ಸತ್ತಾಕಿ ಹೆಸರು ಕೂಗಿದ. ಆಕಿಗೆ ರೊಕ್ಕ ಬಂದೈತಂತ" ಅಂದೆ.

ಅವ್ವ ಕುರ್ಪಿ ಹಿಡಿದವಳು ಹಾಗೇ ಕೂತಳು. "ಯಾವ ಹೆಸರು, ಮತ್ತೊಮ್ಮೆ ಹೇಳು" ಎಂದಳು. ನಾನು ಅಂಜುತ್ತಾ ಹೇಳಿದೆ.

"ಅದು ನನ್ನ ಹೆಸರಬೇ" ಅಂದಳು ಅವ್ವ. "ನಮ್ಮಪ್ಪ ಇಟ್ಟ ಹೆಸರು. ಅತ್ತಿ ನನ್ನನ್ನ ಕರೀತಿದ್ಲು, ನಾಚಿಕಿಗೆ ನಾ ಯಾರಿಗೂ ಹೇಳಲಿಲ್ಲ." ಆಮೇಲೆ ಕುರ್ಪಿ ಅಲ್ಲೇ ಬಿಟ್ಟು ಓಡಿದಳು. ಅವ್ವ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಟಪಾಲಿನವ ಹಳ್ಳದ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದ. ಉಣ್ಣಲು ಕೂತದ್ದರಿಂದ ಸಿಕ್ಕ, ಇಲ್ಲದಿದ್ದರೆ ಆ ಕಡೆಯ ಊರಿಗೆ ದಾಟಿಬಿಡುತ್ತಿದ್ದ. ಅವ್ವ ದೂರದಲ್ಲೇ ನಿಂತು, ಸೆರಗು ಮುಂದಕ್ಕೆಳೆದುಕೊಂಡು, "ಆ ಹೆಸರು ನನ್ನದೈತ್ರಿ" ಅಂದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀ ಇಟಗ್ಯಾಕಿ ಅಲ್ಲೇನು? ಓಣಿ ಎಲ್ಲಾ ಅಂಥಾಕಿ ಸತ್ತಾಳ ಅಂತೈತಿ. ನಿನ್ನ ಮಾತಿನ ಮ್ಯಾಲ ಕೊಟ್ರ ನನ್ನ ನೌಕರಿ ಹೊಕ್ಕತಿ. ಓಣಿಯಾಗ ನಾಲ್ಕು ಮಂದಿ ಹೌದಂದ್ರ ಕೊಡ್ತೀನಿ." ಪುಣ್ಯಾತ್ಮ, ರೊಟ್ಟಿ ಮಡಿಚಿ ಎದ್ದು ನಮ್ಮ ಹಿಂದೆ ಬಂದ.

ಓಣಿಗೆ ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದೆ. ಹೌದು ಅನ್ನುವವರು ಯಾರು? ಇಟಗಿಯಲ್ಲಿ ಅವಳ ತಾಯಿತಂದೆ ಇಲ್ಲ. ಆ ಹೆಸರು ಬಲ್ಲ ಆಯಿ ಮಣ್ಣು ಸೇರಿದ್ದಳು. ಅಪ್ಪ ಸೋಲಾಪುರದಲ್ಲಿದ್ದ. ದೊಡ್ಡಪ್ಪ ಬಾಯಿ ಬಿಡುತ್ತಾನೋ ಇಲ್ಲವೋ. ಅಕ್ಕ ಗಂಟು ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು.

ಟಪಾಲಿನವ ಓಣಿಯ ನಡುವೆ ನಿಂತು ಕಾಗದ ತೆಗೆದ. ಕಾಯಿದೆಯಂತೆ ಮತ್ತೆ ಜೋರಾಗಿ ಆ ಹೆಸರು ಕೂಗಿದ.

"ಇಲ್ಲೇ ಅದೀನ್ರಿ, ಅತ್ತಿಯವರ" ಅಂದಳು ಅವ್ವ.

ಬಾಯಿತಪ್ಪಿ ಬಂದದ್ದು. ಅಷ್ಟು ದಿನ ಆ ಹೆಸರಿಗೆ ಅವಳು ಕೊಟ್ಟ ಉತ್ತರ ಅದೊಂದೇ, ಬೇರೆ ಉತ್ತರ ನಾಲಗೆಗೆ ಗೊತ್ತಿರಲಿಲ್ಲ. ಯಾರೂ ನಗಲಿಲ್ಲ. ಕುಂಬಾರಾಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರೆಲ್ಲ ಆ ಉತ್ತರವನ್ನು ದಿನಾ ಕೇಳಿದವರೇ, ತಪ್ಪಾಗಿ ತಿಳಿದಿದ್ದರು.

"ಅಯ್ಯ, ಮುದುಕಿ ನಮಗ ಕೇಳಲಿ ಅಂತ ಕರೀತಿದ್ಲಲ್ಲೇ" ಎಂದಳು ಕುಂಬಾರಾಕೆ. ಅವಳ ಕಣ್ಣಲ್ಲಿ ನೀರು. ಟಪಾಲಿನವನ ಮುಂದೆ ಬಂದು ನಿಂತಳು. "ಬರಕೋಪಾ. ಇಕಿನ ಆಕಿ. ಅತ್ತಿ ಸಾಯೂತನಕ ಇದ ಹೆಸರಿಲೆ ಕರದಾಳ, ಇಕಿ ಓ ಅಂದಾಳ. ಓಣಿ ಎಲ್ಲಾ ಕೇಳೇತಿ. ಸುಳ್ಳಂದ್ರ ನಮ್ಮ ಬಾಯಾಗ ಮಣ್ಣು ಬೀಳಲಿ." ಆಚೆ ಮನೆಯವಳು ಹೌದಂದಳು. ಅವಳ ಹಿಂದಿನವಳು ಹೌದಂದಳು. ಟಪಾಲಿನವ ದೊಡ್ಡಪ್ಪನ ಕಡೆ ತಿರುಗಿದ. ದೊಡ್ಡಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ, "ಹೌದು ಬಿಡಪಾ. ಆಕಿನ" ಅಂದು ಸಾಕ್ಷಿಗೆ ತನ್ನ ಹೆಬ್ಬೆಟ್ಟು ಚಾಚಿದ.

ಸೋಲಾಪುರದವನ ಕೈಯಲ್ಲಿ ಆಯಿ ಏನು ಹೇಳಿಕಳಿಸಿದ್ದಳು ಎಂಬುದು ಮುಂದಿನ ಪಂಚಮಿಗೆ ಅವನು ಬಂದಾಗ ಗೊತ್ತಾಯಿತು. "ಇನ್ನ ಮುಂದ ರೊಕ್ಕ ನಿನ್ನ ಹೇಣ್ತಿ ಹೆಸರಿಗೆ ಹಚ್ಚು. ಹೆಸರು ಹೇಳೂದು ನಾಚಿಕಿ ಅಂತ ಅಂದಿ ಅಂದ್ರ ನಿನ್ನ ಮಗಳು ಗೌಡರ ಮನ್ಯಾಗ ಕಸ ಬಳೀತಾಳ ನೋಡು" ಎಂದಿದ್ದಳಂತೆ. ಸೊಸೆಗೆ ಮಾತ್ರ ಒಂದು ಮಾತೂ ಹೇಳಿರಲಿಲ್ಲ. ಅಂಥ ಮಾತು ಅತ್ತೆ ಸೊಸೆಗೆ ಹೇಗೆ ಹೇಳಿಯಾಳು? ಬಯ್ಯಲು ಬರುತ್ತಿತ್ತು, ಇದು ಬರುತ್ತಿರಲಿಲ್ಲ. ಅದಕ್ಕೇ ಕೂಗಿದಳು.

ಆವತ್ತು ಟಪಾಲಿನವ ಹೋದ ಮೇಲೆ ಅವ್ವ ಒಲೆ ಹಚ್ಚಿ ಬಿಸಿ ರೊಟ್ಟಿ ಬಡಿದಳು. ಅಕ್ಕ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲ ಹತ್ತಿರ ನಿಂತಿದ್ದಳು, ರೊಟ್ಟಿಗೆ ಕೈ ಚಾಚಿದಳು. ಅವ್ವ ಕೊಡಲಿಲ್ಲ. ಅಕ್ಕನ ಪೂರ್ತಿ ಹೆಸರು ಹಿಡಿದು, ಮನೆಯಲ್ಲಿ ಯಾರೂ ಕರೆಯದ ಆ ಉದ್ದನ್ನ ಹೆಸರು ಹಿಡಿದು, ಎದುರು ಮನೆಗೆ ಕೇಳುವಂತೆ ಕರೆದಳು. "ಬಾ ಇಲ್ಲೆ, ಕುಂತು ಉಣ್ಣು" ಎಂದಳು. ಅಕ್ಕ ಬಂದು ಕೂತಳು. ಆಮೇಲೆ ನಾವು ಮದುವೆಯಾಗಿ ಹೋಗುವತನಕವೂ ಅವ್ವ ನಮ್ಮಿಬ್ಬರನ್ನು ಹಾಗೆಯೇ ಕರೆಯುತ್ತಿದ್ದಳು, ಓಣಿಗೆಲ್ಲ ಕೇಳುವಂತೆ.